ಐದನೆಯ ಕಾರಣ

ಹೈದರಾಬಾದಿನಲ್ಲಿರುವ ನನ್ನ ಮಗಳ ಮಗಳು ಹುಸೇನ್ ಸಾಗರದಲ್ಲಿ ಹಾಯಿದೋಣಿ ಕಲಿಯುತ್ತಿದ್ದಾಳೆ. ಈ ಬೇಸಿಗೆ ರಜೆಗೆ ವಿಜಯನಗರದ ನಮ್ಮ ಮನೆಗೆ ಬಂದಾಗ ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಮುಂದಿನ ಸ್ಪರ್ಧೆಗೆ ನಿನ್ನ ಗುರಿಗಳೇನು ಎಂದು ಬರೆದುಕೊಂಡು ಬಾ ಅಂತ ಕೋಚ್ ಹೇಳಿದ್ದರಂತೆ. ಮೊದಲ ಪುಟದಲ್ಲಿ ‘ಪದಕ’ ಎಂದು ಬರೆದು, ಮುಂದೇನೂ ತೋಚದೆ ಬಿಟ್ಟಿದ್ದಳು. ಒಂದು ಸಂಜೆ ನಮ್ಮ ಮಹಿಳಾ ಮಂಡಳಿಯ ಗೀತಾ ಪಾರಾಯಣಕ್ಕೆ ಬಂದು ಕೂತವಳು ದಾರಿಯಲ್ಲಿ ಕೇಳಿದಳು: “ಅಜ್ಜಿ, ಫಲದ ಮೇಲೆ ಆಸೆ ಇಡಬೇಡ ಅಂತ ನೀವೆಲ್ಲ ಓದ್ತೀರ. ಗುರಿ ಬರಿ ಅಂತ ಕೋಚ್ ಹೇಳ್ತಾರೆ. ನಾನು ಯಾರ ಮಾತು ಕೇಳಲಿ?”

ಇದು ಅವಳೊಬ್ಬಳ ಪ್ರಶ್ನೆಯಲ್ಲ. ಪರೀಕ್ಷೆಗೆ ಕೂರುವ, ಸ್ಪರ್ಧೆಗೆ ಇಳಿಯುವ ಪ್ರತಿ ಮಗುವಿಗೂ ನಾವು ಬೆಳಿಗ್ಗೆ ‘ಮೊದಲನೇ ಸ್ಥಾನ ಬರಬೇಕು’ ಎನ್ನುತ್ತೇವೆ. ಸೋತು ಬಂದರೆ ಸಂಜೆ ‘ಫಲ ನಮ್ಮ ಕೈಲಿಲ್ಲ’ ಎನ್ನುತ್ತೇವೆ. ಫಲದಾಸೆ ಬೇಡ ಎನ್ನುವ ಗೀತೆಯ ಎರಡನೆಯ ಅಧ್ಯಾಯದ ಆ ಶ್ಲೋಕ ಸೋತಾಗ ಮಾತ್ರ ನೆನಪಾಗುವಂಥದ್ದಲ್ಲ. ಅದನ್ನು ಮಗುವಿಗೆ ತಿಳಿಸಬೇಕಾದರೆ ಹದಿನೆಂಟನೆಯ ಅಧ್ಯಾಯಕ್ಕೆ ಹೋಗಬೇಕು ಎಂದು ನನಗೆ ಅನ್ನಿಸುತ್ತದೆ. ಯಾವುದೇ ಕೆಲಸ ಆಗುವುದಕ್ಕೆ ಐದು ಕಾರಣಗಳು ಬೇಕು ಎಂದು ಕೃಷ್ಣ ಅಲ್ಲಿ ಹೇಳುತ್ತಾನೆ: ಆಧಾರವಾದ ನೆಲೆ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನಗಳು, ಐದನೆಯದು ದೈವ.

ರಾಜಾಜಿನಗರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಹಾಗಾಗಿ ಮೊಮ್ಮಗಳ ದೋಣಿಯ ಮೇಲೇ ಇದನ್ನು ವಿವರಿಸಿದೆ. ಅವಳು ನಡೆಸುವ ‘ಆಪ್ಟಿಮಿಸ್ಟ್’ ಹದಿನೈದು ವರ್ಷದೊಳಗಿನ ಮಕ್ಕಳ ದೋಣಿ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವರು ರೂಪಿಸಿದ್ದು. 2.3 ಮೀಟರ್ ಉದ್ದ, ದೋಣಿಯ ಒಡಲು 35 ಕಿಲೋ ತೂಕ, ಒಂದೇ ಹಾಯಿ, ಒಂದೇ ಮಗು. ದೋಣಿ, ಅದರ ಕೆಳಗಿನ ನೀರು ನೆಲೆ. ಮಾಡುವವಳು ಅವಳು. ಹಾಯಿ, ಚುಕ್ಕಾಣಿ, ಕೈಯಲ್ಲಿ ಹಿಡಿದ ಹಗ್ಗ ಸಾಧನಗಳು. ಮೈಯನ್ನು ದೋಣಿಯಿಂದಾಚೆ ಬಾಗಿಸಿ ತೂಕ ಕೊಡುವುದು, ದಿಕ್ಕು ಬದಲಿಸುವುದು ಪ್ರಯತ್ನಗಳು. ಐದನೆಯದು ಗಾಳಿ.

ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಾ ಎದುರುಗಾಳಿಯನ್ನೇ ಏರಬೇಕು. ಊರ ನಡುವಿನ ಕೆರೆಯಲ್ಲಿ ಕಟ್ಟಡಗಳ ಸಂದಿಯಿಂದ ಬರುವ ಗಾಳಿ ಗಳಿಗೆಗೊಮ್ಮೆ ದಿಕ್ಕು ಬದಲಿಸುತ್ತದೆ. ಎಲ್ಲ ತನ್ನಿಂದಲೇ ಎಂದುಕೊಂಡ ಮಗು ಗಾಳಿ ತಿರುಗಿದ ಕೂಡಲೇ ಕಂಗೆಡುತ್ತದೆ. ಎಲ್ಲ ದೈವದಿಂದಲೇ ಎಂದುಕೊಂಡ ಮಗು ಹಗ್ಗವನ್ನೇ ಸಡಿಲ ಬಿಡುತ್ತದೆ. ಮಧ್ವಾಚಾರ್ಯರ ಮತದಲ್ಲಿ ಜೀವಾತ್ಮನ ಕರ್ತೃತ್ವ ಸುಳ್ಳಲ್ಲ, ಆದರೆ ಸ್ವತಂತ್ರವೂ ಅಲ್ಲ. ಮಾಡುವವಳು ನಿಜವಾಗಿ ಅವಳೇ. ಮಾಡುವ ಶಕ್ತಿ ಇನ್ನೊಬ್ಬನ ಅಧೀನ. ಹಾಯಿದೋಣಿಯಲ್ಲಿ ಕೂತ ಮಗುವಿಗೆ ಇದು ಅಂಗೈಯಲ್ಲೇ ಗೊತ್ತಾಗುತ್ತದೆ: ಹಗ್ಗ ಎಳೆಯುವವಳು ತಾನು, ಹಗ್ಗದಲ್ಲಿ ಬರುವ ಸೆಳೆತ ತನ್ನದಲ್ಲ.

ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿ ಗಾಳಿ ಆಂಜನೇಯನ ಗುಡಿಯಿದೆ. ವ್ಯಾಸರಾಯರು ಪ್ರತಿಷ್ಠಾಪಿಸಿದ ಹನುಮನೆಂದು ಪ್ರತೀತಿ. ಅಲ್ಲಿಗೆ ಹೋದಾಗ ವಾಯುಪುತ್ರನ ಮುಂದೆ ನಿಂತು ಮೊಮ್ಮಗಳು “ಗಾಳಿ ನನ್ನ ಕಡೆಗೇ ಬೀಸಲಿ ಅಂತ ಕೇಳಿಕೊಳ್ಳಲಾ?” ಎಂದಳು. ಬೇಡ ಎಂದೆ. ಒಂದೇ ಗಾಳಿ ಎಲ್ಲ ಮಕ್ಕಳ ಹಾಯಿಗೂ ತಗಲುತ್ತದೆ. ಅದು ನನಗೆ ಮಾತ್ರ ಒಲಿಯಲಿ ಎಂದು ಬೇಡುವುದು ಪಕ್ಕದ ದೋಣಿಯ ಮಗುವಿಗೆ ಕೇಡು ಬೇಡಿದಂತೆ. ಬೀಸುವ ಗಾಳಿಯನ್ನು ಗುರುತಿಸುವ ಎಚ್ಚರ ಕೊಡು ಎಂದು ಕೇಳಬಹುದು. ಕಡಲ ದಡದಲ್ಲಿ ಸುಮ್ಮನೆ ಕೂತಿದ್ದ ಹನುಮನಿಗೂ ಜಾಂಬವಂತ ಹೊಸ ಶಕ್ತಿಯನ್ನೇನೂ ಕೊಡಲಿಲ್ಲ, ಇದ್ದದ್ದನ್ನು ನೆನಪಿಸಿದ. ಒಳ್ಳೆಯ ಕೋಚ್ ಮಾಡುವುದೂ ಅದನ್ನೇ.

ಹಾಗಾದರೆ ‘ಪದಕ’ ಎಂದು ಬರೆದದ್ದು ತಪ್ಪೇ? ಅಳಿಸಬೇಡ ಎಂದೆ. ನಮ್ಮ ಯಜಮಾನರು ಪೂಜೆಗೆ ಕೂತಾಗ ಅಂಗೈಯಲ್ಲಿ ಅಕ್ಷತೆ, ನೀರು ಹಿಡಿದು ಸಂಕಲ್ಪ ಹೇಳುತ್ತಾರೆ. ಸಂವತ್ಸರ, ಮಾಸ, ಪಕ್ಷ, ತಿಥಿ, ಕೂತ ಜಾಗ, ಯಾತಕ್ಕಾಗಿ ಈ ಪೂಜೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಬಯಕೆಯನ್ನು ಅಲ್ಲಿ ಯಾರೂ ಮುಚ್ಚಿಡುವುದಿಲ್ಲ. ಪೂಜೆ ಮುಗಿದ ಮೇಲೆ ಉದ್ಧರಣೆಯಲ್ಲಿ ನೀರು ಬಿಟ್ಟು ಕೃಷ್ಣಾರ್ಪಣ ಎನ್ನುತ್ತಾರೆ. ಮೊದಲು ಹೇಳಿಕೊಳ್ಳುವುದು, ಕೊನೆಗೆ ಒಪ್ಪಿಸುವುದು, ನಡುವೆ ಕೈಗೆ ಮಾತ್ರ ಕೆಲಸ. ಯೋಗದ ತುದಿ ಮುಟ್ಟಿದವನು ಸಂಕಲ್ಪವನ್ನೂ ಬಿಟ್ಟಿರುತ್ತಾನೆ ಎಂದು ಗೀತೆಯ ಆರನೆಯ ಅಧ್ಯಾಯ ಹೇಳುವುದು ನಿಜ. ಆದರೆ ಇನ್ನೂ ಏರುತ್ತಿರುವವನಿಗೆ ಕರ್ಮವೇ ಸಾಧನ ಎಂದು ಅದಕ್ಕೂ ಮೊದಲೇ ಹೇಳಿದೆ. ಹನ್ನೆರಡು ವರ್ಷದ ಮಗು ಏರುತ್ತಿರುವ ಜೀವ.

ಹಾಗಾಗಿ ‘ಪದಕ’ದ ಕೆಳಗೆ ಅವಳ ಕೈಯಲ್ಲಿರುವ ಕೆಲಸಗಳು ಸೇರಿದವು. ರೇಸಿನ ಹಿಂದಿನ ರಾತ್ರಿ ಕಣ್ಮುಚ್ಚಿ, ತಿರುವಿನ ಗುರುತಾದ ಮೊದಲ ಮಾರ್ಕ್‌ವರೆಗೆ ದೋಣಿಯನ್ನು ಮನಸ್ಸಿನಲ್ಲೇ ನಡೆಸುವುದು. ಮಾನಸ ಪೂಜೆ ಬಲ್ಲ ನಮಗೆ ಇದು ಹೊಸ ವಿದ್ಯೆಯಲ್ಲ. ಸ್ಟಾರ್ಟ್‌ಗೆ ಐದು ನಿಮಿಷ ಇರುವಾಗ ಮೊದಲ ಬಾವುಟ ಏರುತ್ತದೆ. ಆಗ ಉಸಿರನ್ನು ನಿಧಾನಕ್ಕೆ ಎಳೆದು ಬಿಟ್ಟು, ಗಾಳಿ ಎತ್ತ ತಿರುಗುತ್ತಿದೆ ಎಂದು ನೋಡುವುದು. ದಾರಿ ಬಿಡಬೇಕಾದ ಕಡೆ ಬಿಡದಿದ್ದರೆ, ಯಾರೂ ಬೆರಳು ತೋರಿಸುವ ಮೊದಲೇ ದೋಣಿಯನ್ನು ಎರಡು ಸುತ್ತು ತಿರುಗಿಸಿ ದಂಡ ತೀರಿಸುವುದು. ಈ ಆಟದಲ್ಲಿ ಪ್ರತಿ ದೋಣಿಯ ಹಿಂದೆ ಅಂಪೈರ್ ಇರುವುದಿಲ್ಲ. ಒಳಗಿನ ಸಾಕ್ಷಿಯೇ ಅಂಪೈರ್.

ಒಪ್ಪಿಸಿಬಿಡುವುದನ್ನೂ ಈ ಆಟವೇ ಕಲಿಸುತ್ತದೆ. ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಹಲವು ರೇಸ್‌ಗಳಲ್ಲಿ ತೀರಾ ಕೆಟ್ಟದ್ದೊಂದನ್ನು ಲೆಕ್ಕದಿಂದ ಬಿಡುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು, ಭೋಪಾಲದಲ್ಲಿ ಕಲಿತವಳು. 11 ರೇಸ್‌ಗಳಲ್ಲಿ ಅವಳ ಒಟ್ಟು ಅಂಕ 32. ಐದು ಅಂಕದ ಕೆಟ್ಟ ರೇಸನ್ನು ಬಿಟ್ಟು ಉಳಿದದ್ದು 27. ಲೆಕ್ಕ ಬರೆಯುವವರೇ ಬಿಟ್ಟುಕೊಟ್ಟದ್ದನ್ನು ಮಗು ಮನಸ್ಸಿನಲ್ಲಿ ಹೊತ್ತುಕೊಂಡು ಮುಂದಿನ ಸ್ಟಾರ್ಟ್‌ಗೆ ಹೋದರೆ ಆ ರೇಸೂ ಕೈತಪ್ಪುತ್ತದೆ.

ಆದರೆ ಸಂಕಲ್ಪವನ್ನು ನಡುನೀರಿನಲ್ಲೇ ಬಿಡಬೇಕಾದ ಹೊತ್ತೂ ಬರಬಹುದು. 1988ರ ಸೆಪ್ಟೆಂಬರ್ 24, ಸೋಲ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆ ಬುಸಾನ್ ಕಡಲಲ್ಲಿ ನಡೆಯುತ್ತಿತ್ತು. ಕೆನಡಾದ ಲಾರೆನ್ಸ್ ಲೆಮ್ಯೂ ತನ್ನ ರೇಸಿನಲ್ಲಿ ಎರಡನೆಯವನಾಗಿ ಸಾಗುತ್ತಿದ್ದ. ಗಾಳಿ ಜೋರಾಯಿತು. ಇನ್ನೊಂದು ಸ್ಪರ್ಧೆಯ ಸಿಂಗಾಪುರದ ದೋಣಿ ಮಗುಚಿ ಇಬ್ಬರು ನೀರಿಗೆ ಬಿದ್ದದ್ದು ಕಂಡಿತು. ಅವನು ತನ್ನ ದಾರಿ ಬಿಟ್ಟು ಹೋಗಿ ಅವರನ್ನು ಮೇಲೆತ್ತಿಕೊಂಡ. ರಕ್ಷಣಾ ದೋಣಿ ಬಂದ ಮೇಲೆ ರೇಸ್ ಮುಂದುವರಿಸಿ 22ನೆಯವನಾಗಿ ಮುಗಿಸಿದ. ತೀರ್ಪುಗಾರರು ಆ ರೇಸಿನಲ್ಲಿ ಅವನಿಗೆ ಎರಡನೆಯ ಸ್ಥಾನವನ್ನು ಮರಳಿ ಕೊಟ್ಟರು. ಪದಕ ಬರಲಿಲ್ಲ, ಒಟ್ಟಾರೆ 11ನೆಯ ಸ್ಥಾನ. ಆದರೆ ಒಲಿಂಪಿಕ್ಸ್‌ನವರು ಪಿಯರ್ ದ ಕೂಬರ್ತಾಂ ಪದಕ ಕೊಟ್ಟು ಗೌರವಿಸಿದರು.

ಅಪಾಯದಲ್ಲಿರುವವರಿಗೆ ಸಾಧ್ಯವಾದ ಸಹಾಯವನ್ನೆಲ್ಲ ಮಾಡಬೇಕು ಎನ್ನುವುದು ಹಾಯಿದೋಣಿ ಸ್ಪರ್ಧೆಯ ನಿಯಮಪುಸ್ತಕದಲ್ಲಿ ಮೊಟ್ಟಮೊದಲ ನಿಯಮ. ಗೆಲ್ಲುವ ನಿಯಮಗಳೆಲ್ಲ ಆಮೇಲೆ ಬರುತ್ತವೆ. ಪದಕವೊಂದೇ ತಲೆಯಲ್ಲಿ ತುಂಬಿದ ಮಗುವಿಗೆ ಪಕ್ಕದ ನೀರಿನ ಕೂಗು ಕೇಳಿಸುವುದಿಲ್ಲ. ನಾನು ಕರ್ತೃ, ಆದರೆ ಐವರಲ್ಲಿ ಒಬ್ಬಳು ಮಾತ್ರ ಎಂದು ತಿಳಿದ ಮಗುವಿಗೆ ಕೇಳಿಸುತ್ತದೆ. ಅಂಥ ಮಗುವಿಗೆ ಎಷ್ಟು ದೊಡ್ಡ ಗುರಿಯನ್ನಾದರೂ ಧೈರ್ಯವಾಗಿ ಕೊಡಬಹುದು. ಗೆದ್ದರೆ ಅದರ ತಲೆ ತಿರುಗದು, ಸೋತರೆ ಮನಸ್ಸು ಮುರಿಯದು, ಬಿಡಬೇಕಾದ ಹೊತ್ತಿನಲ್ಲಿ ಕೈ ಹಿಂಜರಿಯದು.