ಜಕ್ಕಾಯನು ಹಿಂದಿರುಗಿಸಿದ್ದು



ತಪಸ್ಸುಕಾಲ ಬಂತೆಂದರೆ ನಮ್ಮ ದೇವಾಲಯಗಳಲ್ಲಿ ಪಾಪನಿವೇದನೆಗೆ ಸಾಲು ನಿಲ್ಲುತ್ತದೆ. ಇದು ಸಂತೋಷದ ಸಂಗತಿ. ಆದರೆ ಗುರುಗಳು ವಿಧಿಸಿದ ಮೂರು ನಮೋ ಮರಿಯಾ ಜಪಿಸಿ, ಶಿಲುಬೆಯ ಗುರುತು ಹಾಕಿಕೊಂಡು ಎದ್ದ ಕೂಡಲೇ ಎಲ್ಲ ಲೆಕ್ಕವೂ ಚುಕ್ತಾ ಆಯಿತೆಂದು ನಮ್ಮಲ್ಲಿ ಹಲವರ ಭಾವನೆ. ದೇವರು ನನ್ನನ್ನು ಕ್ಷಮಿಸಿದ್ದಾರೆ, ಸರಿ. ಆದರೆ ನಾನು ಯಾರ ಹೊಲದ ಬದುವನ್ನು ಒಂದು ಮೊಳ ಒತ್ತಿದ್ದೆನೋ, ಆ ಬದು ಮಾತ್ರ ಇನ್ನೂ ನನ್ನ ಹೊಲದೊಳಗೇ ಇದೆ!

ಪಶ್ಚಾತ್ತಾಪಪಡುವವನಲ್ಲಿ ಮೂರು ಕ್ರಿಯೆಗಳಿರಬೇಕೆಂದು 1551ರಲ್ಲಿ ಟ್ರೆಂಟ್ ಮಹಾಸಭೆಯು ಬೋಧಿಸಿತು: ಹೃದಯದ ದುಃಖ, ಬಾಯಿಯ ನಿವೇದನೆ, ಕ್ರಿಯೆಯ ಪ್ರಾಯಶ್ಚಿತ್ತ. ಮೊದಲ ಎರಡನ್ನು ಕುರಿತು ನಾವು ಬೇಕಾದಷ್ಟು ಪ್ರಬೋಧನೆಗಳನ್ನು ಕೇಳಿದ್ದೇವೆ. ಮೂರನೆಯದನ್ನು ಜಪಮಾಲೆಯ ಮಣಿಗಳಿಗಷ್ಟೇ ಸೀಮಿತಗೊಳಿಸಿದ್ದೇವೆ. ಕದ್ದದ್ದನ್ನು ಹಿಂದಿರುಗಿಸುವುದು ನ್ಯಾಯದ ಕಾರ್ಯ, ಸಾಧ್ಯವಿದ್ದೂ ಹಿಂದಿರುಗಿಸದವನಿಗೆ ರಕ್ಷಣೆಯಿಲ್ಲ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ.

ಈ ಮಾತು ಸಂಡೂರು, ಹೊಸಪೇಟೆಯ ಜನರಿಗೆ ಬೇಗ ಅರ್ಥವಾಗಬೇಕು. ಅದಿರಿಗೆ ಚಿನ್ನದ ಬೆಲೆ ಬಂದಿದ್ದ ವರ್ಷಗಳನ್ನು ನೀವು ಕಂಡಿದ್ದೀರಿ. ರಸ್ತೆಬದಿಯ ಬೇವಿನಮರಗಳೂ ಕೆಂಪಾಗಿದ್ದವು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿದರು. ಎರಡು ದಿನಗಳ ನಂತರ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗ ಕೆಲಸ ಕಳೆದುಕೊಂಡವರು, ಲಾರಿಯ ಕಂತು ಕಟ್ಟಲಾಗದೆ ನೊಂದವರು ಅನೇಕರು. ದೊಡ್ಡವರ ತಪ್ಪಿಗೆ ಬಡವರು ಬೆಲೆ ತೆತ್ತರೆಂಬುದೂ ಸುಳ್ಳಲ್ಲ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ನ್ಯಾಯಾಲಯವು, ಅತಿ ಹೆಚ್ಚು ಅಕ್ರಮ ನಡೆದಿದ್ದ 49 ಗುತ್ತಿಗೆಗಳನ್ನು ರದ್ದುಗೊಳಿಸಿತು. ಅದಕ್ಕಿಂತ ಕಡಿಮೆ ತಪ್ಪಿನ ಗಣಿಗಳು ಮತ್ತೆ ಬಾಗಿಲು ತೆರೆಯಬೇಕಾದರೆ, ಗಡಿ ಮೀರಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಗಡಿಯಾಚೆ ಮಣ್ಣು ಸುರಿದ ಜಾಗಕ್ಕೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ತುಂಬಬೇಕು. ಜೊತೆಗೆ ಕೆಡಿಸಿದ ಗುಡ್ಡವನ್ನು ಸರಿಪಡಿಸುವ ಯೋಜನೆಯನ್ನೂ ಜಾರಿಗೆ ತರಬೇಕು ಎಂದಿತು. ‘ತಪ್ಪಾಯಿತು’ ಎಂಬ ಅರ್ಜಿಯೊಂದೇ ಸಾಲಲಿಲ್ಲ. ಗುಡ್ಡಕ್ಕೆ ಆದ ಗಾಯವನ್ನು ಅಳೆದು ನೋಡಲಾಯಿತು.

ನಾನಿಲ್ಲಿ ರಾಜಕೀಯವನ್ನು ಹೇಳಹೊರಟಿಲ್ಲ. ಲೋಕದ ನ್ಯಾಯಾಲಯವೇ ಇಷ್ಟು ಕೇಳುವಾಗ, ಪಾಪನಿವೇದನೆಯ ನಂತರ ನಮ್ಮ ಅಂತಃಕರಣ ಏನನ್ನೂ ಕೇಳದಿದ್ದರೆ ಹೇಗೆ?

ಈಗ ಸಂತ ಲೂಕನ ಶುಭಸಂದೇಶದ 19ನೆಯ ಅಧ್ಯಾಯವನ್ನು ತೆರೆಯಿರಿ. ಜೆರಿಕೊ ಪಟ್ಟಣದ ಸುಂಕದವರ ಮುಖ್ಯಸ್ಥ ಜಕ್ಕಾಯ ಕುಳ್ಳನೆಂಬುದು, ಅತ್ತಿಮರ ಹತ್ತಿದನೆಂಬುದು ಧರ್ಮೋಪದೇಶ ತರಗತಿಯ ಮಕ್ಕಳಿಗೂ ಗೊತ್ತು. ಆತ ಕೊಟ್ಟ ಲೆಕ್ಕದ ಮೇಲೆ ಮಾತ್ರ ನಮ್ಮ ಗಮನ ಹರಿಯುವುದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ ಎಂದ. ಅದು ದಾನ. ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದ. ಅದು ಋಣ. ಎರಡನ್ನೂ ಆತ ಬೆರೆಸಲಿಲ್ಲ. ತಾನಾಗಿಯೇ ತಪ್ಪೊಪ್ಪಿಕೊಂಡವನು ಅಸಲಿನ ಜೊತೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕೆಂದು ಸಂಖ್ಯಾಕಾಂಡ ಹೇಳುತ್ತದೆ. ಕುರಿ ಕದ್ದು ಕೊಯ್ದವನಿಗೆ ಮಾತ್ರ ನಾಲ್ಕು ಕುರಿಗಳ ದಂಡ. ಇದು ವಿಮೋಚನಾಕಾಂಡದ ಕಟ್ಟಳೆ. ಯಾರೂ ಹಿಡಿದುಕೊಡದಿದ್ದರೂ ಜಕ್ಕಾಯ ಕಳ್ಳನ ದಂಡವನ್ನೇ ತನಗೆ ವಿಧಿಸಿಕೊಂಡ.

ಹಂಪಿಯ ವಿಠ್ಠಲ ದೇವಾಲಯದ ಬಳಿ ಕಲ್ಲಿನ ತುಲಾಭಾರ ಕಮಾನನ್ನು ನೋಡಿರುತ್ತೀರಿ. ರಾಜರು ತಮ್ಮ ತೂಕದಷ್ಟು ಚಿನ್ನ, ರತ್ನಗಳನ್ನು ತೂಗಿಸಿ ದಾನ ಮಾಡುತ್ತಿದ್ದರೆಂದು ಪ್ರತೀತಿ. ದಾನ ದೊಡ್ಡದೇ. ಆದರೆ ಅಂಗಡಿಯ ತಕ್ಕಡಿಯಲ್ಲಿ, ಲಾರಿಯ ವೇಬ್ರಿಜ್‌ನಲ್ಲಿ ತೂಕ ತಪ್ಪಿಸಿ, ಉಳಿದ ಹಣದಲ್ಲಿ ದೇವಾಲಯಕ್ಕೆ ಗಂಟೆ ಮಾಡಿಸಿಕೊಟ್ಟರೆ ಅದು ದಾನವೂ ಅಲ್ಲ, ಋಣಪರಿಹಾರವೂ ಅಲ್ಲ. ಕಾಣಿಕೆಪೆಟ್ಟಿಗೆ ಸಾಲಗಾರನ ಮನೆಬಾಗಿಲಿಗೆ ಬದಲಿಯಾಗಲಾರದು. (ಜೀರ್ಣೋದ್ಧಾರಕ್ಕೆ ಹಣ ಬೇಕಾಗಿರುವ ಗುರುಗಳು ಇದನ್ನು ಹೇಳುವುದು ಕಷ್ಟವೇ!)

ಆದರೂ ನ್ಯಾಯಾಲಯಕ್ಕೂ ಯೇಸುಸ್ವಾಮಿಗೂ ಒಂದು ವ್ಯತ್ಯಾಸವಿದೆ. ಮೊದಲು ಹಣ ತುಂಬು, ಆಮೇಲೆ ಬಾಗಿಲು ತೆರೆ ಎಂದಿತು ನ್ಯಾಯಾಲಯ. ಯೇಸುಸ್ವಾಮಿಯಾದರೋ ಜಕ್ಕಾಯನಿಂದ ಒಂದು ಕಾಸಿನ ಮಾತನ್ನೂ ಎತ್ತದೆ ಮೊದಲು ಅವನ ಮನೆಗೆ ಊಟಕ್ಕೆ ಹೋದರು. ಊರವರು ಗೊಣಗಿದರು. ಹಿಂದಿರುಗಿಸುವ ಮಾತು ಬಂದದ್ದು ಆಮೇಲೆ, ಅದೂ ಜಕ್ಕಾಯನ ಬಾಯಿಂದಲೇ. ಆದ್ದರಿಂದ ಮರುಪಾವತಿ ಕ್ಷಮೆಯನ್ನು ಕೊಳ್ಳುವ ಬೆಲೆಯಲ್ಲ. ಕ್ಷಮೆ ಶಿಲುಬೆಯ ಮೇಲೆ ಆಗಲೇ ಕೊಂಡು ಆಗಿದೆ. ಪುನರುತ್ಥಾನದ ಸಂಜೆ ಪ್ರೇಷಿತರ ಕೈಗೆ ಒಪ್ಪಿಸಿಯೂ ಆಗಿದೆ. ಆ ಕ್ಷಮೆ ನಿಜವಾಗಿಯೂ ಒಬ್ಬನ ಮನೆ ಹೊಕ್ಕರೆ, ಅಲ್ಲಿರುವ ಪರರ ಸೊತ್ತು ತಾನಾಗಿಯೇ ಹೊರಗೆ ಹೊರಡುತ್ತದೆ. ಹೊರಡದಿದ್ದರೆ ಕ್ಷಮೆ ಹೊಕ್ಕಿತೋ ಇಲ್ಲವೋ ಎಂದು ಅನುಮಾನಿಸಬೇಕಾಗುತ್ತದೆ.

ನಮ್ಮ ಪಾಪಗಳು ಗಣಿಯಷ್ಟು ದೊಡ್ಡವಲ್ಲ ಎನ್ನುವಿರೇನೋ. ಕಂಪ್ಲಿಯ ಗದ್ದೆಗಳಲ್ಲಿ ರಾತ್ರಿ ಕಾಲುವೆಯ ನೀರನ್ನು ತನ್ನ ಕಡೆ ತಿರುಗಿಸಿಕೊಂಡವನಿಗೆ, ಕೊನೆಯ ಅಂಚಿನ ರೈತನ ಒಣಗಿದ ಭತ್ತ ಕಾಣುವುದಿಲ್ಲ. ಮನೆಗೆಲಸದವಳ ಅರ್ಧ ತಿಂಗಳ ಸಂಬಳ ಹಿಡಿದ ಗೃಹಿಣಿ, ತಂಗಿಯ ಪಾಲನ್ನು ಸಹಿ ಹಾಕಿಸಿಕೊಂಡು ನುಂಗಿದ ಅಣ್ಣ, ವರದಕ್ಷಿಣೆಯನ್ನು ಉಡುಗೊರೆಯೆಂದು ಕರೆದ ಅತ್ತೆ, ಇವರೆಲ್ಲರೂ ಭಕ್ತಿಯಿಂದ ಪರಮಪ್ರಸಾದ ಸ್ವೀಕರಿಸುತ್ತಾರೆ. ಹಣವನ್ನಾದರೂ ಎಣಿಸಿ ಕೊಡಬಹುದು, ಕೆಡಿಸಿದ ಹೆಸರನ್ನು ಎಣಿಸಿ ಕೊಡಲು ಬರುವುದಿಲ್ಲ. ನೆರೆಮನೆಯ ಹುಡುಗಿಯ ಬಗ್ಗೆ ಸುಳ್ಳು ಹಬ್ಬಿಸಿದವರು ಗುರುಗಳ ಕಿವಿಯಲ್ಲಿ ಅತ್ತರೆ ಸಾಲದು. ಯಾರ ಯಾರ ಮುಂದೆ ಆಡಿದರೋ ಅವರ ಮುಂದೆಯೇ ‘ನಾನು ಹೇಳಿದ್ದು ಸುಳ್ಳು’ ಎನ್ನಬೇಕು. ಇದು ನಾಲ್ಕರಷ್ಟು ತೆರುವುದಕ್ಕಿಂತ ಕಠಿಣ, ಬಲ್ಲೆ.

ಕೊಡಲು ನಿಜವಾಗಿಯೂ ಕೈಯಲ್ಲಿಲ್ಲದಿದ್ದರೆ? ಅಸಾಧ್ಯವಾದುದನ್ನು ಧರ್ಮಸಭೆ ಕೇಳುವುದಿಲ್ಲ. ಕೊಡುವ ದೃಢಸಂಕಲ್ಪವಿರಲಿ, ಸ್ವಲ್ಪ ಸ್ವಲ್ಪವಾಗಿ ತೀರಿಸಿ. ನಷ್ಟಪಟ್ಟವನು ತೀರಿಹೋಗಿದ್ದರೆ ಅವನ ಹೆಂಡತಿ ಮಕ್ಕಳಿಗೆ ಕೊಡಿ. ಯಾರೆಂದೇ ತಿಳಿಯದಿದ್ದರೆ ಅವನ ಹೆಸರಿನಲ್ಲಿ ಬಡವರಿಗೆ ಕೊಡಿ. ಎದುರಿಗೆ ಹೋಗಿ ಕೊಟ್ಟರೆ ಮಾನ ಹೋದೀತು, ಜಗಳವಾದೀತು ಎಂಬ ಭಯವಿದ್ದರೆ ನಿಮ್ಮ ಪಾಪನಿವೇದನೆಯ ಗುರುಗಳನ್ನು ಕೇಳಿ. ಹಣವನ್ನು ಲಕೋಟೆಯಲ್ಲಿಟ್ಟು ಅವರ ಕೈಗೆ ಕೊಡುವುದು ಧರ್ಮಸಭೆಯಲ್ಲಿ ಹಳೆಯ ರೂಢಿ. ಅವರು ಅದನ್ನು ಸಲ್ಲಬೇಕಾದವರಿಗೆ ಮುಟ್ಟಿಸುತ್ತಾರೆ. ಕೊಟ್ಟವರಾರೆಂದು ಅವರು ಯಾರಿಗೂ ಹೇಳುವಂತಿಲ್ಲ.