ಈ ಹೊತ್ತು ಯಾರದು?



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಹೋದ ರವಿವಾರ ಭಂಕೂರಿನ ನಮ್ಮ ಬಳಗದಲ್ಲಿ ವಂದನೆ ಮುಗಿದ ಮೇಲೆ ಒಬ್ಬ ತಮ್ಮ ಎದ್ದು ನಿಂತು ಹೇಳಿದ: "ನಂದು ಸಿಮೆಂಟ್ ಫ್ಯಾಕ್ಟರಿ ಕೆಲಸ. ಒಂದು ವಾರ ಹಗಲು ಶಿಫ್ಟ್, ಒಂದು ವಾರ ರಾತ್ರಿ. ಪರೀಕ್ಷೆಗೆ ಓದಬೇಕು, ಮನೆ ನೋಡಬೇಕು, ವಿಹಾರಕ್ಕೂ ಬರಬೇಕು. ಟೈಮ್ ಹೆಂಗ ಹೊಂದಿಸಬೇಕು ಅಂತ ಹತ್ತಾರು ವಿಡಿಯೋ ನೋಡಿದೆ. ನೋಡೂದ್ರಾಗೇ ಟೈಮ್ ಹೋಯ್ತು."

ಎಲ್ಲರೂ ನಕ್ಕೆವು. ಆಗ ಹಿಂದೆ ಕುಳಿತಿದ್ದ ಅವನ ತಂಗಿ ಮೆಲ್ಲಗೆ ಅಂದಳು: "ಅಣ್ಣ ಓದಲಿಕ್ಕೆ ಕುಂತರ ನೀರು ನಾನೇ ತರಬೇಕು. ನಂದೂ ಪಿಯುಸಿ ಅದ."

ಈ ಸಲ ಯಾರೂ ನಗಲಿಲ್ಲ. ಇಂದಿನ ಚಿಂತನೆ ಈ ಎರಡು ಮಾತಿನ ಮೇಲೆ.

*ಮೊದಲ ಮಾತು: ಹೊತ್ತು ನಮ್ಮದಾಗಿರಲಿಲ್ಲ*

"ಸಮಯವನ್ನು ಸರಿಯಾಗಿ ಬಳಸಿ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಬಳಸಬೇಕಾದರೆ ಅದು ಮೊದಲು ನಮ್ಮದಾಗಿರಬೇಕು. ನಮ್ಮ ಅಜ್ಜ-ಮುತ್ತಜ್ಜರ ಹೊತ್ತು ಅವರದಾಗಿರಲಿಲ್ಲ. ಊರಿನವರು ಕರೆದಾಗ ಹೋಗಬೇಕಿತ್ತು, ಬಿಟ್ಟಾಗ ಬರಬೇಕಿತ್ತು. ಬಿಟ್ಟಿ ಚಾಕರಿ ಕಸಿದುಕೊಂಡದ್ದು ಕೂಲಿಯನ್ನಷ್ಟೇ ಅಲ್ಲ, ನಾಳೆ ಏನು ಮಾಡಬೇಕೆಂದು ಇಂದು ಯೋಚಿಸುವ ಹಕ್ಕನ್ನೂ ಕಸಿದುಕೊಂಡಿತು.

ಬಾಬಾಸಾಹೇಬರು ಇದನ್ನು ಆಳವಾಗಿ ಬಲ್ಲವರು. 1945ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಗಾಂಧಿವಾದವನ್ನು ವಿಮರ್ಶಿಸುವಾಗ ಅವರು ಯಂತ್ರದ ಪರ ವಾದಿಸಿದರು. ಕಾರಣ ಸರಳ: ಯಂತ್ರ ಮನುಷ್ಯನಿಗೆ ವಿರಾಮ ಕೊಡಬಲ್ಲದು, ವಿರಾಮ ಇಲ್ಲದವನು ಹೊಟ್ಟೆಪಾಡು ದಾಟಿ ಬುದ್ಧಿಯ ಬದುಕು ಬಾಳಲಾರ. ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಅವರು ಈ ಮಾತನ್ನು ಕಾನೂನಿಗೂ ತಂದರು. 1946ರ ಕಾರ್ಖಾನೆ ತಿದ್ದುಪಡಿಯಿಂದ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ತಾಸಿನಿಂದ 48 ತಾಸಿಗೆ ಇಳಿಯಿತು. ಆಗ ನಮ್ಮ ಶಹಾಬಾದ, ವಾಡಿ ನಿಜಾಮರ ಸೀಮೆಯಲ್ಲಿದ್ದವು. 1948ರ ಕಾರ್ಖಾನೆ ಕಾಯ್ದೆ ಅದೇ 48 ತಾಸನ್ನು ಉಳಿಸಿಕೊಂಡಿತು, ಭಾರತಕ್ಕೆ ಸೇರಿದ ಮೇಲೆ ಅದು ನಮ್ಮ ಭಾಗಕ್ಕೂ ಬಂತು.

ಲೆಕ್ಕ ಹಾಕಿರಿ. ವಾರಕ್ಕೆ 6 ತಾಸು ಎಂದರೆ ವರ್ಷಕ್ಕೆ 312 ತಾಸು. ಆ ತಮ್ಮ ಪುಸ್ತಕ ತೆರೆಯುವ ಹೊತ್ತಿನಲ್ಲಿ ಈ 312 ತಾಸು ಸೇರಿದೆ. ಅದು ಪುಕ್ಕಟೆ ಬಂದದ್ದಲ್ಲ. ಪರ್ಸಿ ಕಲ್ಲಿನ ಗಣಿಯಲ್ಲಿ, ಕಂತ್ರಾಟಿನ ಕೂಲಿಯಲ್ಲಿ ದುಡಿಯುವ ಎಷ್ಟೋ ಬಂಧುಗಳಿಗೆ ಅದು ಇನ್ನೂ ಪೂರ್ತಿ ಸಿಕ್ಕಿಲ್ಲ. ಸಿಕ್ಕವರು ಅದನ್ನು ಮೊಬೈಲಿಗೆ ಸುರಿದರೆ ಹೋಗುವುದು ಬರೀ ನಮ್ಮ ಹೊತ್ತಲ್ಲ, ಹೋರಾಡಿ ಗೆದ್ದ ಗಳಿಕೆ.

*ಎರಡನೆಯ ಮಾತು: ಆತುರವೂ ಬೇಡ, ಆಲಸ್ಯವೂ ಬೇಡ*

ಭಗವಾನ್ ಬುದ್ಧರ ಕೊನೆಯ ಬೋಧನೆ ಅಪ್ರಮಾದ, ಅಂದರೆ ಎಚ್ಚರ ತಪ್ಪದೆ ಪ್ರಯತ್ನಿಸುವುದು. ಸಿಗಾಲೋವಾದ ಸುತ್ತದಲ್ಲಿ ಅವರು ಸೋಮಾರಿಯ ನೆಪಗಳನ್ನು ಎಣಿಸುತ್ತಾರೆ: ಬಹಳ ಚಳಿ, ಬಹಳ ಸೆಕೆ, ಇನ್ನೂ ಬೇಗ, ಆಗಲೇ ತಡ, ಹಸಿವು, ಹೊಟ್ಟೆಭಾರ. ನಮ್ಮ ಕಲಬುರಗಿ ಬಿಸಿಲಿನಲ್ಲಿ ಎರಡನೆಯ ನೆಪ ಎಲ್ಲರಿಗೂ ಗೊತ್ತು!

ಆದರೆ ಎಚ್ಚರ ಎಂದರೆ ಓಡುತ್ತಲೇ ಇರುವುದಲ್ಲ. ಇದಕ್ಕೆ ಸಾಕ್ಷಿ ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲೇ ಇದೆ. ಭೀಮಾ ದಂಡೆಯ ಸನ್ನತಿಯಲ್ಲಿ ಗುಡಿಯ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಸಾಮ್ರಾಟ ಅಶೋಕನ ಶಾಸನಗಳು ಸಿಕ್ಕವು. ಕಳಿಂಗದ ಧೌಲಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳು ಅದರಲ್ಲಿವೆ. ಅಧಿಕಾರಿಗಳು ನ್ಯಾಯವಾಗಿ ಕೆಲಸ ಮಾಡಲು ಯಾವ ದೋಷಗಳು ಅಡ್ಡ ಬರುತ್ತವೆ ಎಂದು ಆ ಶಾಸನ ಹೇಳುತ್ತದೆ. ಅಸೂಯೆ, ಸಿಟ್ಟು, ನಿಷ್ಠುರತೆಗಳ ಜೊತೆ ಒಂದೇ ಸಾಲಿನಲ್ಲಿ ಆತುರವೂ ಇದೆ, ಆಲಸ್ಯವೂ ಇದೆ, ದಣಿವೂ ಇದೆ. ಚಕ್ರವರ್ತಿಗೂ ಗೊತ್ತಿತ್ತು: ದಣಿದವನ ಕೈಯಲ್ಲಿ ಧರ್ಮದ ಕೆಲಸ ಕೆಡುತ್ತದೆ. ರಾತ್ರಿ ಶಿಫ್ಟ್ ಮುಗಿಸಿ ಬಂದು ನಿದ್ದೆಗೆಟ್ಟು ಓದುವುದು ವೀರ್ಯವಲ್ಲ. ಆ ವಾರ ನಿದ್ದೆ ಮಾಡು, ಹಗಲು ಶಿಫ್ಟಿನ ವಾರದಲ್ಲಿ ಗಟ್ಟಿಯಾಗಿ ಓದು.

ಬಾಬಾಸಾಹೇಬರ ಬದುಕನ್ನೇ ನೋಡಿರಿ. 1917ರಲ್ಲಿ ಬರೋಡಾದ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ ಓದು ಅರ್ಧಕ್ಕೇ ನಿಂತಿತು. ಅವರು ಗುರಿ ಬಿಡಲಿಲ್ಲ, ತಕ್ಷಣ ಆಗಬೇಕೆಂದು ಹಟವನ್ನೂ ಹಿಡಿಯಲಿಲ್ಲ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಹಣ ಕೂಡಿಟ್ಟರು, ಶಾಹು ಮಹಾರಾಜರ ಮತ್ತು ಗೆಳೆಯರ ನೆರವು ಪಡೆದರು, 1920ರಲ್ಲಿ ಮತ್ತೆ ಹೊರಟರು. 1923ರಲ್ಲಿ ಡಿ.ಎಸ್ಸಿ. ಪದವಿ ಬಂತು. ದೊಡ್ಡ ಗುರಿ ಒಂದೇ ಇತ್ತು, ಆಯಾ ವರ್ಷಕ್ಕೆ ಆಗುವಷ್ಟು ಹೆಜ್ಜೆ ಇಟ್ಟರು.

*ಮೂರನೆಯ ಮಾತು: ನನ್ನ ಹೊತ್ತು ಯಾರ ಹೊತ್ತಿನಿಂದ ಬಂತು?*

ಈಗ ಆ ತಂಗಿಯ ಮಾತಿಗೆ ಬರೋಣ. ಸಮಯ ಹೊಂದಿಸುವ ವಿಡಿಯೋಗಳು ಹೇಳದ ವಿಷಯ ಇದೇ. ಒಬ್ಬನಿಗೆ ಎರಡು ತಾಸು ಉಳಿದರೆ, ಮನೆಯಲ್ಲಿ ಇನ್ನೊಬ್ಬರಿಗೆ ಎರಡು ತಾಸು ಕೆಲಸ ಹೆಚ್ಚಿರುತ್ತದೆ. ಹೆಚ್ಚಾಗಿ ಅದು ತಾಯಿಯ, ಹೆಂಡತಿಯ, ತಂಗಿಯ ಮೇಲೆ ಬೀಳುತ್ತದೆ.

ಬಾಬಾಸಾಹೇಬರು ಪರದೇಶದಲ್ಲಿ ಓದುತ್ತಿದ್ದಾಗ ಮುಂಬಯಿಯಲ್ಲಿ ಮಾತೆ ರಮಾಬಾಯಿ ಬಡತನದಲ್ಲಿ ಮನೆ ನಡೆಸಿದರು. 1935ರ ಮೇ 27ರಂದು ಅವರು ತೀರಿಕೊಂಡರು. ಮುಂದೆ ಪಾಕಿಸ್ತಾನದ ಕುರಿತ ತಮ್ಮ ಗ್ರಂಥವನ್ನು ಬಾಬಾಸಾಹೇಬರು 'ರಾಮು'ವಿನ ನೆನಪಿಗೆ ಅರ್ಪಿಸಿದರು. ತಮ್ಮೊಂದಿಗೆ ಕೊರತೆಯ ದಿನಗಳನ್ನು ಸಹಿಸಿದ ಆಕೆಯ ಒಳ್ಳೆಯತನವನ್ನು ಅಲ್ಲಿ ನೆನೆದರು. ಅವರು ಸಾಲವನ್ನು ಒಪ್ಪಿಕೊಂಡರು. ನಾವು ಒಪ್ಪಿಕೊಂಡರೆ ಸಾಲದು, ಈ ಜನ್ಮದಲ್ಲೇ, ಈ ವಾರದಲ್ಲೇ ತೀರಿಸಬೇಕು. ಬಿಟ್ಟಿ ಚಾಕರಿಯಿಂದ ಬಿಡುಗಡೆಯಾದ ಮನೆಯೊಳಗೆ ಹೆಣ್ಣುಮಗಳ ಬಿಟ್ಟಿ ಚಾಕರಿ ನಡೆದರೆ, ನಾವು ಸಮತೆಯ ಧಮ್ಮ ಸ್ವೀಕರಿಸಿದ್ದಕ್ಕೆ ಅರ್ಥವೇನು?

*ಮಾಡಿ ನೋಡೋಣ*

ವಾರಕ್ಕೆ 168 ತಾಸು. ದುಡಿಮೆಗೆ 48, ನಿದ್ದೆಗೆ 56. ಉಳಿದದ್ದು 64. ಊಟ, ಸ್ನಾನ, ಓಡಾಟ, ಮನೆಗೆಲಸಕ್ಕೆ 34 ಎಂದುಕೊಂಡರೂ 30 ತಾಸು ಕೈಯಲ್ಲಿರುತ್ತದೆ.

ಸಿಗಾಲನಿಗೆ ಬುದ್ಧರು ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳಿದರು: ಒಂದು ಬದುಕಿಗೆ, ಎರಡು ಕಸುಬಿಗೆ, ಒಂದು ಕಷ್ಟಕಾಲಕ್ಕೆ. ಆ ಮಾತು ಹಣದ್ದು. ಹೊತ್ತೂ ಗಳಿಕೆಯೇ ಆದ್ದರಿಂದ ಈ 30 ತಾಸಿಗೂ ಅದನ್ನು ಹಚ್ಚಿ ನೋಡೋಣ. ಸುಮಾರು ಎರಡು ಪಾಲು ಓದಿಗೆ ಅಥವಾ ಮುಂದಿನ ಗುರಿಗೆ. ಒಂದು ಪಾಲು ಮನೆಯವರೊಂದಿಗೆ. ಇನ್ನೊಂದು ಪಾಲಿನಲ್ಲಿ ಸ್ವಲ್ಪ ಧ್ಯಾನಕ್ಕೆ, ಸ್ವಲ್ಪ ಸಮಾಜಕ್ಕೆ, ಉಳಿದದ್ದು ಅಚಾನಕ್ ಬರುವ ಕಷ್ಟಕ್ಕೆ ಖಾಲಿ. ಓದಿ ಮುಂದೆ ಬಂದವರು ಸಮಾಜವನ್ನು ಮರೆತರು ಎಂಬ ನೋವು ಬಾಬಾಸಾಹೇಬರಿಗೆ ಕೊನೆಯವರೆಗೂ ಇತ್ತು. ಆದ್ದರಿಂದ ಸಮಾಜದ ಒಂದು ತಾಸನ್ನು "ನೌಕರಿ ಸಿಕ್ಕ ಮೇಲೆ" ಎಂದು ಮುಂದೂಡಬೇಡಿ. ಪಕ್ಕದ ಮನೆ ಹುಡುಗನಿಗೆ ಗಣಿತ ಹೇಳಿಕೊಟ್ಟರೂ ಸಾಕು.

ಒಂದು ಕರಾರು: ಈ ಹಾಳೆಯನ್ನು ಒಬ್ಬರೇ ಕುಳಿತು ಬರೆಯಬೇಡಿ. ಮನೆಯವರೆಲ್ಲ ಕುಳಿತು ಬರೆಯಿರಿ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಸ್ವಂತದ ತಾಸು ಎಷ್ಟು ಎಂದು ಕಾಣಲಿ. ಯಾರ ಹೆಸರಿನ ಮುಂದೆ ಸೊನ್ನೆ ಇದೆಯೋ, ಅಲ್ಲಿಂದ ತಿದ್ದಲು ಶುರು ಮಾಡಿ.

ಆ ತಮ್ಮ ಮೊನ್ನೆ ಮೆಸೇಜ್ ಹಾಕಿದ್ದ: "ಹಗಲು ಶಿಫ್ಟಿನ ವಾರ ಸಂಜೆ ನೀರು ನಂದು. ಆ ಹೊತ್ತು ತಂಗಿ ಓದ್ತಾಳ." ಅವನ ಓದು ಅರ್ಧ ತಾಸು ಕಡಿಮೆಯಾಗಿದೆ. ಆ ಮನೆಯ ಓದು ಹೆಚ್ಚಾಗಿದೆ.

*ಇಂದಿನ ಪ್ರಶ್ನೆ:* ಇಂದು ನನಗೆ ಸಿಕ್ಕ ಬಿಡುವಿನ ಹೊತ್ತನ್ನು ಯಾರು ದುಡಿದು ಕೊಟ್ಟರು? ನಾನು ಅವರಿಗೆ ಎಷ್ಟು ಮರಳಿಸಿದೆ?

ಓದಿದ ಮೇಲೆ ಮನೆಯಲ್ಲಿ ಒಬ್ಬರಿಗಾದರೂ ಓದಿ ಹೇಳಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್. ನಮೋ ಬುದ್ಧಾಯ. 🙏