ಮೂರನೆಯ ಸಲವೂ ಕೇಳಿ


ದಿನದ ಧಮ್ಮ ಚಿಂತನೆ

ಬಂಧುಗಳೇ, ಬೇಸಿಗೆ ರಜೆ ಬಂದಿದೆ. ನಮ್ಮಲ್ಲಿ ಹಲವರು ವಯಸ್ಸಾದ ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು ಸನ್ನತಿಗೆ, ನಾಗಪುರದ ದೀಕ್ಷಾಭೂಮಿಗೆ, ಅಜಂತಾಕ್ಕೆ ಹೊರಡುವ ಯೋಚನೆಯಲ್ಲಿದ್ದಾರೆ. ಹೆಚ್ಚಿನವರ ಬಳಿ ಕಾರಿಲ್ಲ. ರೈಲು, ಸರ್ಕಾರಿ ಬಸ್ಸು, ಆಟೊ, ಉಳಿದದ್ದು ಕಾಲ್ನಡಿಗೆ. ಈ ಸುಡುಬಿಸಿಲಿನಲ್ಲಿ ಹಿರಿಯರನ್ನು ಹೀಗೆ ಕರೆದೊಯ್ಯುವುದು ಸರಿಯೇ? ಕರೆದೊಯ್ದರೆ ಅವರಿಗೆ ನಾವು ಸಲ್ಲಿಸಬೇಕಾದದ್ದು ಏನು? ಇಂದು ಇದನ್ನೇ ವಿಚಾರ ಮಾಡೋಣ.

ಭಗವಾನ್ ಬುದ್ಧರ ಕೊನೆಯ ಪ್ರಯಾಣವನ್ನು ನೆನೆಯಿರಿ. ಮಹಾಪರಿನಿಬ್ಬಾಣ ಸುತ್ತ ಅದನ್ನು ಊರೂರಾಗಿ ಹೇಳುತ್ತದೆ. ಆಗ ಅವರಿಗೆ 80 ವರ್ಷ. ರಾಜಗೃಹದಿಂದ ವೈಶಾಲಿ, ಮುಂದೆ ಪಾವಾ, ಪಾವಾದಿಂದ ಕುಸಿನಾರ. ತಮ್ಮ ದೇಹ ಪಟ್ಟಿ ಕಟ್ಟಿ ಹೇಗೋ ಎಳೆಯುವ ಹಳೆಯ ಬಂಡಿಯಂತಾಗಿದೆ ಎಂದು ಅವರೇ ಹೇಳಿಕೊಂಡಿದ್ದರು. ಚುಂದನ ಮನೆಯ ಊಟದ ನಂತರ ಕಾಯಿಲೆಯಾಯಿತು. ದಾರಿಯಲ್ಲಿ ದಣಿದು, ಒಂದು ಮರದಡಿ ಚೀವರ ಮಡಿಸಿ ಹಾಸಲು ಆನಂದನಿಗೆ ಹೇಳಿ ಕೂತರು. ಬಾಯಾರಿದೆ, ನೀರು ಬೇಕು ಎಂದರು.

ಆನಂದನ ಉತ್ತರ ಏನು? ಈಗಷ್ಟೇ 500 ಬಂಡಿಗಳು ಹಳ್ಳ ದಾಟಿ ಹೋಗಿವೆ, ನೀರು ಕದಡಿದೆ, ಸ್ವಲ್ಪ ದೂರದಲ್ಲೇ ಕಕುತ್ಥಾ ನದಿಯಿದೆ, ಅಲ್ಲಿ ತಣ್ಣನೆಯ ತಿಳಿನೀರು ಸಿಗುತ್ತದೆ ಎಂದ. ಭಗವಾನರು ಎರಡನೆಯ ಸಲ ಕೇಳಿದರು. ಅದೇ ಉತ್ತರ. ಮೂರನೆಯ ಸಲ ಕೇಳಿದಾಗ ಆನಂದ ಪಾತ್ರೆ ಹಿಡಿದು ಹೋದ. ನೋಡಿದರೆ ಹಳ್ಳದ ನೀರು ತಿಳಿಯಾಗಿತ್ತು.

ಇದನ್ನು ಪವಾಡ ಎನ್ನುವವರಿದ್ದಾರೆ. ಕದಡಿದ ನೀರು ಒಂದಷ್ಟು ಹೊತ್ತು ಬಿಟ್ಟರೆ ತಿಳಿಯಾಗುತ್ತದೆ ಎಂಬುದು ಹಳ್ಳದಿಂದ ಕೊಡ ಹೊತ್ತ ನಮ್ಮ ತಾಯಂದಿರಿಗೆ ಗೊತ್ತು. ನಾವು ಗಮನಿಸಬೇಕಾದದ್ದು ಆನಂದನನ್ನು. ಅವನಿಗಿಂತ ಹೆಚ್ಚು ಪ್ರೀತಿಯಿಂದ ಬುದ್ಧರ ಸೇವೆ ಮಾಡಿದವರು ಯಾರಿದ್ದಾರೆ? ಅವನ ಲೆಕ್ಕವೂ ಸರಿಯಾಗಿತ್ತು. ಆದರೆ ಅವನ ಲೆಕ್ಕ ಮುಂದಿನ ನದಿಯದು, ಹಿರಿಯ ಜೀವದ ದಾಹ ಆ ಹೊತ್ತಿನದು. ಅಂಥವನಿಗೂ ಮೂರು ಸಲ ಹೇಳಬೇಕಾಯಿತು.

ನಮ್ಮ ಹೆತ್ತವರಾದರೋ ಒಂದು ಸಲವೂ ಕೇಳುವುದಿಲ್ಲ. ಯಾಕೆ?

ಬೇಸಿಗೆ ರಜೆ, ತಂದೆ, ನೀರು ಮೂರೂ ಸೇರಿದ ಇನ್ನೊಂದು ಪ್ರಯಾಣ ನಮಗೆಲ್ಲ ಗೊತ್ತು. 1901ರಲ್ಲಿ ಬಾಲಕ ಭೀಮರಾಯ ಸಾತಾರಾದಿಂದ ಕೆಲಸದ ಊರಿನಲ್ಲಿದ್ದ ತಂದೆಯ ಬಳಿಗೆ ರಜೆ ಕಳೆಯಲು ಅಣ್ಣನೊಂದಿಗೆ, ಅಕ್ಕನ ಮಕ್ಕಳೊಂದಿಗೆ ಹೊರಟ. ಮಸೂರ್ ನಿಲ್ದಾಣದಲ್ಲಿ ಇಳಿದ ಮೇಲೆ, ಜಾತಿ ತಿಳಿದ ಬಂಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಬಂಡಿ ಹೊಡೆಯಬೇಕಾಯಿತು. ಬುತ್ತಿ ಬೇಕಾದಷ್ಟಿತ್ತು, ಆದರೆ ಕುಡಿಯಲು ನೀರು ಕೊಡುವವರಿಲ್ಲದೆ ಮಕ್ಕಳು ಹಸಿದೇ ರಾತ್ರಿ ಕಳೆದರು. 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಬಾಬಾಸಾಹೇಬರು ಇದನ್ನು ದಾಖಲಿಸಿದ್ದಾರೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದ ಕೈ ಅದೇ ಬಾಲಕನದು.

ಕೆರೆಯ ಹಕ್ಕು ಬಂತು. ಆದರೆ ಮೈಗೆ ಹತ್ತಿದ ಅಭ್ಯಾಸ ಹೋಗಲು ಇನ್ನೂ ಕಾಲ ಬೇಕು. ನನ್ನ ಅವ್ವನ ಕಾಲದವರು ಕೂಲಿಗೆ ಹೋದ ಮನೆಯ ಹೊರಗೆ ಬೊಗಸೆ ಒಡ್ಡಿ, ಮೇಲಿನಿಂದ ಹುಯ್ದಷ್ಟು ಕುಡಿದು ಬಂದವರು. ಕೇಳಿದರೆ ತಗ್ಗಬೇಕಾಗುತ್ತದೆ ಎಂದು ಅವರ ಮೈ ಕಲಿತುಬಿಟ್ಟಿದೆ. ಕಳೆದ ಮೇ ತಿಂಗಳಲ್ಲಿ ಬಸ್ಸಿನಲ್ಲಿ ಹೋಗುವಾಗ ಅವ್ವನ ಮಡಿಲಲ್ಲೇ ನೀರಿನ ಬಾಟಲಿ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಕುಡಿ ಅಂದರೆ "ಬ್ಯಾಡ ಕಣವ್ವ" ಎಂದಳು. ಎರಡನೆಯ ಸಲವೂ ಅದೇ ಮಾತು. ಮೂರನೆಯ ಸಲ ಕೇಳಿದಾಗ ಕಿವಿಯ ಹತ್ತಿರ ಬಂದು, "ಕುಡುದ್ರೆ ಹೋಗ್ಬೇಕಾಯ್ತದೆ, ಬಸ್ಸು ಎಲ್ ನಿಲ್ತದೋ ಏನೋ" ಎಂದಳು. ನಿಜವಾದ ಕಾರಣ ಹೊರಬರಲು ಮೂರು ಸಲ ಕೇಳಬೇಕಾಯಿತು.

ಇದರ ಮೇಲೆ ದೇಹಧರ್ಮವೂ ಇದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಂದುತ್ತದೆ. ಬೆವರು ಕಡಿಮೆಯಾಗಿ ಮೈ ಬೇಗ ತಂಪಾಗುವುದಿಲ್ಲ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ. ಆದ್ದರಿಂದ "ಅವರು ಕೇಳಲಿಲ್ಲವಲ್ಲ" ಎಂಬುದು ನೆಪವಾಗಬಹುದೇ ಹೊರತು ಕಾರಣವಾಗದು.

ಇಷ್ಟೆಲ್ಲ ಯಾಕೆ, ಎ.ಸಿ. ಕಾರು ಮಾಡಿಕೊಂಡು ಹೋದರಾಯಿತಲ್ಲ ಎಂದು ಕೆಲವರು ಕೇಳಬಹುದು. ಅನುಕೂಲ ಇದ್ದವರು ಹೋಗಲಿ. ನಡೆಯಲಾಗದವರಿಗೆ ಅದು ಬೇಕೇ ಬೇಕು. ಆದರೆ ಕಾರಿನಲ್ಲೂ ಎಲ್ಲಿ ನಿಲ್ಲಿಸಬೇಕು ಎಂದು ನಿರ್ಧರಿಸುವವರು ನಾವೇ ಆದರೆ ಅವ್ವ ಅಲ್ಲಿಯೂ "ಬ್ಯಾಡ ಕಣವ್ವ" ಎಂದೇ ಕೂತಿರುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವಳ ಪ್ರಯಾಣ ಅವಳದೇ. ಮಕ್ಕಳ ದುಡ್ಡು ಖರ್ಚಾಯಿತು ಎಂಬ ಅಳುಕಿಲ್ಲದೆ, ಪಕ್ಕದವರೊಡನೆ ಮಾತಾಡುತ್ತ ಹೋಗುತ್ತಾಳೆ. ವಾಹನ ಯಾವುದಾದರೂ ಇರಲಿ, ದಾರಿಯ ಲೆಕ್ಕದಲ್ಲಿ ಅವಳ ದೇಹಕ್ಕೆ ಜಾಗ ಇದೆಯೇ ಎಂದು ನೋಡಬೇಕು.

ಸನ್ನತಿಯನ್ನೇ ತೆಗೆದುಕೊಳ್ಳಿ. ಭೀಮಾ ತೀರದ ಆ ಊರಿನಲ್ಲಿ ಅಶೋಕನ ಶಾಸನ ಸಿಕ್ಕಿದೆ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪವಿದೆ. ಆದರೆ ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿ ದಾಟುವ ಬಿಸಿಲು. ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತ್ ಕೇಳಿ ಪಡೆದು, ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಇಳಿದು, ಒಂದು ದಿನ ತಂಗಿ, ಮರುದಿನ ಬೆಳಗಿನ ತಂಪಿನಲ್ಲಿ ನೋಡಿ ಹನ್ನೊಂದರೊಳಗೆ ನೆರಳು ಸೇರುವುದು ಒಳ್ಳೆಯದು. ನೇರ ಬಸ್ಸಿಗಿಂತ, ಶೌಚಾಲಯವಿರುವ ದೊಡ್ಡ ನಿಲ್ದಾಣದಲ್ಲಿ ಇಳಿದು ಬದಲಿಸುವ ಬಸ್ಸೇ ವಾಸಿ. ಒಂದು ದಿನಕ್ಕೆ ಒಂದೇ ಸ್ಥಳ ಸಾಕು. ಎರಡು ಜಾಗ ತಪ್ಪಿದರೆ ಧಮ್ಮಕ್ಕೇನೂ ನಷ್ಟವಿಲ್ಲ.

ಹಾಗೆಂದು ಗದರಿಸಿ ಕುಡಿಸುವುದು ಕರುಣೆಯಲ್ಲ. ಹೆತ್ತವರನ್ನು ಪೋಷಿಸಬೇಕು ಎಂದು ಸಿಗಾಲೋವಾದ ಸುತ್ತ ಹೇಳುತ್ತದೆ. ಅವರನ್ನು ಮಕ್ಕಳಂತೆ ಆಳಬೇಕು ಎನ್ನುವುದಿಲ್ಲ. ಮೂರು ಸಲ ಕೇಳುವುದು ಎಂದರೆ ಒಂದೇ ಮಾತನ್ನು ಮೂರು ಸಲ ಒತ್ತುವುದಲ್ಲ. ಮೊದಲು, ಬೇಕೇ ಎಂದು ಕೇಳಿ. ಆಮೇಲೆ ಯಾಕೆ ಬೇಡ ಎಂದು ಕೇಳಿ. ಆ ಕಾರಣವನ್ನು ನಿವಾರಿಸಿ, ಮತ್ತೆ ಕೇಳಿ. ಮುಂದೆ ದೊಡ್ಡ ನಿಲ್ದಾಣದಲ್ಲಿ ಇಳಿಯೋಣ, ನಾನೂ ಬರುತ್ತೇನೆ ಎಂದ ಮೇಲೆ ಅವ್ವ ತಾನೇ ಮುಚ್ಚಳ ತೆಗೆದಳು.

ಇಂದಿನ ಅಭ್ಯಾಸ: ರಜೆಯ ಟಿಕೆಟ್ ತೆಗೆಯುವ ಮುನ್ನ ನಿಮ್ಮ ತಂದೆ ಅಥವಾ ತಾಯಿಯ ಪಕ್ಕ ಕೂತು, ಎಲ್ಲಿಗೆ ಹೋಗಲು ಇಷ್ಟ ಎಂದು ಕೇಳಿ. "ನೀವು ಕರ್ಕೊಂಡೋದ ಕಡೆ" ಎನ್ನುತ್ತಾರೆ. ಅದು ಮೊದಲನೆಯ ಉತ್ತರ. ಇನ್ನೂ ಎರಡು ಸಲ ಕೇಳಿ. ಸನ್ನತಿಗಿಂತ ಮೊದಲು ಅವರಿಗೆ ತಂಗಿಯ ಊರು ನೋಡಬೇಕೆನಿಸಿದ್ದರೆ ಅಲ್ಲಿಂದಲೇ ಹೊರಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.